ಮುದ್ರೆಯಿಲ್ಲದ ಕ್ರೇಟುಗಳು

ಬಟ್ಟೆಯ ಗಂಟಿಗೆ ಗೆದ್ದಲು ಹತ್ತಿದ್ದು ನನಗೆ ಗೊತ್ತಾದದ್ದು ಅದನ್ನು ಎತ್ತಿದ ಮೇಲೆಯೇ. ಮೇಲಿನ ಮಡಿಕೆಗಳು ಹೊಸದರ ಹಾಗೇ ಇದ್ದವು. ನೆಲಕ್ಕೆ ತಾಗಿದ್ದ ಮಡಿಕೆಗೆ ಕೈ ಹಾಕಿದರೆ ಹಸಿ ಮಣ್ಣು ಉದುರಿತು. ಬಿಡಿಸಿ ಬೆಳಕಿಗೆ ಹಿಡಿದರೆ ಜರಡಿ. ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವ ಹೆಂಗಸರಿಗೆ ಯೂನಿಫಾರ್ಮ್ ಹೊಲಿಯಲೆಂದು ಕೊಟ್ಟಿದ್ದ ಬೂದು ಬಟ್ಟೆ ಅದು. ಅಳೆದು ಕೊಟ್ಟವರು ಅಳೆದೇ ವಾಪಸ್ ತೆಗೆದುಕೊಳ್ಳುತ್ತಿದ್ದರು. ಹಾಳಾದಷ್ಟನ್ನು ನಾನೇ ತುಂಬಿಕೊಡಬೇಕಾಯಿತು. ಹೊಸಕೋಟೆಯಲ್ಲಿ ಆ ಬಣ್ಣ ಸಿಗಲಿಲ್ಲ, ಬೆಂಗಳೂರು ಪೇಟೆವರೆಗೂ ಹೋಗಿ ಅಂಗಡಿ ಅಂಗಡಿ ಸುತ್ತಿ ತಂದೆ. ಬಸ್ಸಿನಲ್ಲಿ ಹಿಂದಿರುಗುವಾಗಲೇ ತೀರ್ಮಾನ ಮಾಡಿದೆ: ಇನ್ನು ನನ್ನ ಮನೆಯಲ್ಲಿ ಒಂದು ತುಂಡು ಬಟ್ಟೆಯೂ ನೆಲ ಮುಟ್ಟಕೂಡದು.

ತೀರ್ಮಾನ ಮಾಡುವುದೇನೋ ಸುಲಭವಾಗಿತ್ತು. ಆದರೆ ಆ ಮನೆಯಲ್ಲಿ ನೆಲ ಬಿಟ್ಟರೆ ಬೇರೆ ಜಾಗವೇ ಇರಲಿಲ್ಲ.

ನಾವು ಆಗ ಸೂಲಿಬೆಲೆಯಲ್ಲಿ ಬಾಡಿಗೆಗಿದ್ದೆವು. ಅದಕ್ಕೂ ಮೊದಲು ಇದ್ದದ್ದು ದೇವನಹಳ್ಳಿಯ ಹತ್ತಿರ. ವಿಮಾನಗಳು ಇಳಿಯತೊಡಗಿದ ಮೇಲೆ ಅಲ್ಲಿ ದನದ ಕೊಟ್ಟಿಗೆಗೂ ಶೀಟು ಹೊದಿಸಿ, ಸುಣ್ಣ ಬಳಿದು, ಕೆಲಸಕ್ಕೆ ಬಂದವರಿಗೆ ಬಾಡಿಗೆಗೆ ಕೊಡುವ ಕಾಲ ಬಂತು. ನಮ್ಮ ಓನರು ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತುಕೊಂಡೇ, "ಇಲ್ಲಿ ಬಿಲ್ಡಿಂಗ್ ಎಬ್ಬಿಸ್ತಾ ಇದೀನಿ, ನೀವು ಬೇರೆ ಕಡೆ ನೋಡ್ಕೊಂಡ್ಬಿಡಿ" ಅಂದರು. ಅಮ್ಮ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಅಪ್ಪ, ನಾನು, ಒಂದು ಹೊಲಿಗೆ ಯಂತ್ರ, ಪಾತ್ರೆ ಪಡಗ. ಅಲ್ಲಿದ್ದ ಕಬ್ಬಿಣದ ರ‍್ಯಾಕು ಹೊಸ ಮನೆಯ ಬಾಗಿಲಲ್ಲಿ ಹಿಡಿಯುವಂತಿರಲಿಲ್ಲ. ಅದನ್ನು ಬಿಟ್ಟೇ ಬಂದೆವು. ಸೂಲಿಬೆಲೆಯ ಓನರಮ್ಮ ಒಳ್ಳೆಯವರೇ, ಆದರೆ ಬೀಗದ ಕೈ ಕೊಡುವ ಮೊದಲೇ ಹೇಳಿಬಿಟ್ಟಿದ್ದರು: "ಗೋಡೆಗೆ ಮೊಳೆ ಹೊಡೆಯೋ ಹಂಗಿಲ್ಲ ನೋಡಮ್ಮಾ. ಆಮೇಲೆ ಬೇಜಾರ್ ಮಾಡ್ಕೋಬೇಡ." ಗೂಡಿಲ್ಲ, ಅಟ್ಟವಿಲ್ಲ, ಮೊಳೆಯಿಲ್ಲ. ಅಪ್ಪನ ಒಂದು ಮಂಡಿ ಸವೆದುಹೋಗಿತ್ತು. ನೆಲದ ಮೇಲಿನ ಪಾತ್ರೆಗೆ ಬಗ್ಗಿದರೆ ಏಳಲು ಗೋಡೆ ಹಿಡಿಯಬೇಕಿತ್ತು. ನಾನು ಯಂತ್ರದ ಮುಂದೆ ಕೂತಿದ್ದಾಗ ಅವರು ನೀರು ಕುಡಿಯಬೇಕಾದರೂ, "ಅವ್ವಾ, ಒಂಚೂರು ಚೊಂಬು ಎತ್ಕೊಡು" ಎನ್ನುತ್ತಿದ್ದರು. ಹಾಗೆ ಕೇಳುವುದು ಅವರಿಗೆ ಎಷ್ಟು ಕಷ್ಟವಾಗುತ್ತಿತ್ತು ಎನ್ನುವುದು ನನಗೆ ಕಾಣುತ್ತಿತ್ತು.

ಎದುರು ಮನೆಯಲ್ಲಿ ರೇಷ್ಮೆಹುಳು ಸಾಕುವ ಹೆಂಗಸೊಬ್ಬರಿದ್ದರು. ಗೆದ್ದಲು ತಿಂದ ಬಟ್ಟೆಯನ್ನು ನಾನು ಅಂಗಳದಲ್ಲಿ ಕೊಡವುತ್ತಿದ್ದದ್ದನ್ನು ನೋಡಿ, ಸೊಪ್ಪು ಕತ್ತರಿಸುತ್ತಿದ್ದ ಕುಡುಗೋಲು ಬಿಟ್ಟು ಎದ್ದು ಬಂದರು.

"ಅಯ್ಯೋ, ಹಿಂಗಾ ನೆಲದ್ಮೇಲೆ ಇಡೋದು? ಇರು, ಬಂದೆ."

ಒಳಗೆ ಹೋಗಿ ಒಂದು ನೀಲಿ ಹಾಲಿನ ಕ್ರೇಟು ತಂದು ನನ್ನ ಮುಂದೆ ಇಟ್ಟರು.

"ತಗೊ. ನಮ್ಮಲ್ಲಿ ಬೇಕಾದಷ್ಟವೆ. ಹುಳದ ತಟ್ಟೆಗೆಲ್ಲಾ ಕೆಳಗೆ ಇದೇ ಕೊಟ್ಟಿರೋದು ಆಸರೆಗೆ. ಏನ್ ಹಾಕಿದ್ರೂ ಬಗ್ಗಲ್ಲ, ಮುರಿಯಲ್ಲ, ಗೆದ್ಲು ಹತ್ತಲ್ಲ. ಹಾಲಿನ ಬೂತ್ ಹಿಂದೆ ರಾಶಿ ಬಿದ್ದಿರ್ತವೆ, ಬೆಳಿಗ್ಗೆ ಹೋದ್ರೆ ಸಿಕ್ತವೆ."

ನಾನು ಅದನ್ನು ತೊಳೆದು ಯಂತ್ರದ ಪಕ್ಕ ಬೋರಲು ಹಾಕಿ, ಮೇಲೆ ಬಟ್ಟೆ ಪೇರಿಸಿದೆ. ಎಷ್ಟು ಚೆನ್ನಾಗಿ ಕೂತಿತು ಅಂದರೆ, ಇಂಥವು ಇನ್ನಷ್ಟಿದ್ದರೆ ಈ ಕೋಣೆಯನ್ನೇ ಸರಿಮಾಡಿಬಿಡಬಹುದಲ್ಲ ಎಂದು ಗೋಡೆಯುದ್ದಕ್ಕೂ ಕಣ್ಣಳತೆ ಹಾಕುತ್ತಾ ನಿಂತೆ. ಒಂದರ ಮೇಲೊಂದು ಕಚ್ಚಿಕೊಂಡು ಕೂರುತ್ತವೆ. ಗಾಳಿಯಾಡುತ್ತದೆ. ಮನೆ ಬದಲಾಯಿಸಿದರೆ ಸಾಮಾನಿನ ಸಮೇತ ಎತ್ತಿಕೊಂಡು ಹೋಗಬಹುದು.

ಅಪ್ಪ ಟೀ ಅಂಗಡಿಯಿಂದ ಬಂದರು. ಕೋಲು ಗೋಡೆಗೆ ಒರಗಿಸಿ ಒಳಗೆ ಕಾಲಿಟ್ಟವರು ಅಲ್ಲೇ ನಿಂತರು.

"ಅದ್ಯಾರದ್ದು?"

"ಎದುರು ಮನೆಯವ್ರು ಕೊಟ್ರು ಕಣಪ್ಪಾ."

"ಅವ್ರದ್ದಾ ಅದು?"

ನಾನು ಪೇರಿಸಿದ ಬಟ್ಟೆಯ ಅಂಚು ಸರಿಮಾಡಿದೆ.

"ಪಕ್ಕದಲ್ಲಿ ಏನ್ ಬರ್ದವ್ರೆ ಓದು."

ಓದುವ ಅಗತ್ಯವಿರಲಿಲ್ಲ. ಡೈರಿಯ ಮುದ್ರೆ ಇತ್ತು, ಮಾರಾಟಕ್ಕಲ್ಲ ಎಂದು ಉಬ್ಬಕ್ಷರದಲ್ಲಿತ್ತು. "ನಾನೊಬ್ಳೇ ಇಟ್ಕೊಂಡಿಲ್ಲಪ್ಪಾ, ಊರೆಲ್ಲಾ ಇಟ್ಕೊಂಡವ್ರೆ" ಅಂದೆ.

"ಊರೆಲ್ಲಾ ಇಟ್ಕೊಂಡಿದ್ದಕ್ಕೇ ಅಲ್ವೇನವ್ವಾ ನಾನು ಬೀದಿ ಬೀದಿ ತಿರುಗಿದ್ದು?"

ಅವರು ಗಟ್ಟಿಯಾಗಿ ಹೇಳಲಿಲ್ಲ.

ಅಪ್ಪ ಕೆಲಸ ಮಾಡಿದ್ದು ಹಾಲಿನ ವ್ಯಾನಿನಲ್ಲಿ. ವ್ಯಾನು ಕಂಟ್ರಾಕ್ಟರನದು, ಹಾಲು ತುಂಬಿದ ಕ್ರೇಟುಗಳನ್ನು ಬೂತುಗಳಿಗೆ ಇಳಿಸಿ, ಖಾಲಿಯಾದವನ್ನು ಎತ್ತಿಕೊಂಡು ಬರುವುದು ಅಪ್ಪನ ಪಾಲಿನ ಕೆಲಸ. ಕೊಟ್ಟಷ್ಟು ವಾಪಸ್ ಬರಲಿಲ್ಲವೆಂದರೆ ಕಂಟ್ರಾಕ್ಟರು ಸಂಬಳದಲ್ಲಿ ಹಿಡಿಯುತ್ತಿದ್ದ. ಹಾಗಾಗಿ ರಜೆಯ ದಿನ ಅಪ್ಪ ಸೈಕಲ್ ಹತ್ತಿ ಕ್ರೇಟು ಹುಡುಕಲು ಹೊರಡುತ್ತಿದ್ದರು. ನಾನು ಸಣ್ಣವಳು, ಮುಂದಿನ ಕಂಬಿಯ ಮೇಲೆ ಟವೆಲು ಸುತ್ತಿ ನನ್ನನ್ನು ಕೂರಿಸಿಕೊಳ್ಳುತ್ತಿದ್ದರು. ನನಗದು ತಿರುಗಾಟ. ಯಾರ ಮನೆಯ ಬಚ್ಚಲಲ್ಲಿ ಕ್ರೇಟಿದೆ, ಯಾರ ಕೋಳಿ ಅದರಲ್ಲಿ ಕಾವು ಕೂತಿದೆ ಎಂದು ಅಪ್ಪನಿಗಿಂತ ಮೊದಲು ನೋಡಿ ಕೂಗುವುದು ನನ್ನ ಆಟ.

ಕೆಲವರು ಕೊಡುತ್ತಿದ್ದರು. "ತಗೊಂಡ್ಹೋಗಪ್ಪಾ, ನಮಗೇನು ಗೊತ್ತಿತ್ತು" ಎಂದು ನೀರಿನ ಬಿಂದಿಗೆ ಇಳಿಸಿ, ತೊಳೆದು ಕೊಟ್ಟವರೂ ಇದ್ದರು. ಆದರೆ ನನಗೆ ನೆನಪಿರುವುದು ಬೇರೆ ಒಂದು ಮನೆ. ದೊಡ್ಡ ಮನೆ, ಮುಂದೆ ಕಾರಿತ್ತು. ಕಾರು ತೊಳೆಯುವವನು ನಿಲ್ಲುತ್ತಿದ್ದದ್ದೇ ಡೈರಿ ಕ್ರೇಟಿನ ಮೇಲೆ. ಅಪ್ಪ ಗೇಟಿನ ಹೊರಗೆ ಕೈ ಮುಗಿದು ನಿಂತು ಕೇಳಿದರು. ಮನೆಯಾಕೆ ಮೆಟ್ಟಿಲ ಮೇಲಿಂದಲೇ, "ನಿಮ್ಮ ಡೈರಿಗೇನ್ ಬಡತನಾನಾ? ಒಂದು ಕ್ರೇಟಿಗೆ ಮನೆ ಬಾಗಿಲಿಗೆ ಬಂದ್ಬಿಟ್ರಲ್ಲ!" ಎಂದು ನಕ್ಕರು. ಅಪ್ಪ ಸೈಕಲ್ ತಿರುಗಿಸಿದರು. ದಾರಿಯಲ್ಲಿ ನಾನು, "ಅದು ನಮ್ದೇ ಅಲ್ವಾ ಅಪ್ಪಾ, ಯಾಕೆ ಬಿಟ್ಟೆ?" ಅಂದೆ. "ನಮ್ದಲ್ಲ ಕಣವ್ವಾ. ಅದಕ್ಕೇ ಜೋರು ಮಾಡಕ್ಕಾಗಲ್ಲ" ಅಂದರು. ಆ ಮಾತಿನ ಅರ್ಥ ಆಗ ನನಗೆ ತಿಳಿದಿರಲಿಲ್ಲ.

ಆ ಸಂಜೆ ಸೂಲಿಬೆಲೆಯ ಕೋಣೆಯಲ್ಲಿ ಬಟ್ಟೆಯನ್ನು ಮತ್ತೆ ಕ್ರೇಟಿನಿಂದ ಇಳಿಸಿದೆ. ನೆಲದಲ್ಲಿ ಇಡಲಿಲ್ಲ, ನಾನು ಮಲಗುವ ಚಾಪೆಯ ಮೇಲೆ ಹರಡಿದೆ. ಮೈಯೆಲ್ಲ ಉರಿಯುತ್ತಿತ್ತು. ಅಪ್ಪನ ಮೇಲೆ ಸ್ವಲ್ಪ, ಗೆದ್ದಲಿನ ಮೇಲೆ ಸ್ವಲ್ಪ, ಮೊಳೆ ಹೊಡೆಯಬೇಡ ಎಂದ ಓನರಮ್ಮನ ಮೇಲೆ ಸ್ವಲ್ಪ.

"ಸರಿ ಅಪ್ಪಾ," ಅಂದೆ. "ಇದನ್ನ ವಾಪಸ್ ಕೊಡ್ತೀನಿ. ಆದ್ರೆ ಇಂಥವೇ ಕ್ರೇಟು ಈ ಮನೆಗೆ ತಂದೇ ತರ್ತೀನಿ. ದುಡ್ಡು ಕೊಟ್ಟು, ಬಿಲ್ ತಗೊಂಡು."

"ಡೈರಿ ಕ್ರೇಟು ಯಾರೂ ಮಾರಲ್ಲ."

"ಯಾರೋ ಒಬ್ರು ಮಾಡ್ತಾರೆ ತಾನೆ? ಮಾಡೋರನ್ನೇ ಕೇಳ್ತೀನಿ."

ಅಪ್ಪ ನನ್ನನ್ನೇ ನೋಡಿದರು. ನನ್ನ ಹಠ ಅವರಿಗೆ ಹೊಸದಲ್ಲ, ಬೇಡ ಎನ್ನಲಿಲ್ಲ.

ಮರುದಿನ ಕ್ರೇಟು ಹಿಡಿದು ಬೂತಿಗೆ ಹೋದೆ. ಎದುರು ಮನೆಯಾಕೆಗೆ ಮೊದಲೇ ವಿಷಯ ಹೇಳಿದ್ದೆ; ಅವರು ಮುಖ ಸಣ್ಣಗೆ ಮಾಡಿಕೊಂಡು, "ನಿಮ್ಮಪ್ಪ ಸತ್ಯಹರಿಶ್ಚಂದ್ರರು ಬಿಡು" ಎಂದು ಸೊಪ್ಪು ಕತ್ತರಿಸಲು ಕೂತಿದ್ದರು. ಬೂತಿನವನು ನನ್ನ ಕೈಯಲ್ಲಿದ್ದದ್ದನ್ನು ನೋಡಿ, ಹಾಲು ಒಡೆದಿದೆ ಎಂದು ಜಗಳಕ್ಕೆ ಬಂದಿದ್ದೇನೆ ಅಂದುಕೊಂಡ.

"ಇದು ನಿಮ್ದು. ವಾಪಸ್ ಕೊಡೋಣ ಅಂತ."

"ಕ್ರೇಟಾ? ವಾಪಸ್ಸಾ?" ಅವನು ಪಕ್ಕದಲ್ಲಿ ನಿಂತಿದ್ದ ಗಿರಾಕಿಯ ಮುಖ ನೋಡಿದ. "ಅಕ್ಕಾ, ಈ ಬೂತ್ ಇಟ್ಟಾಗಿಂದ ಒಬ್ರೂ ವಾಪಸ್ ಕೊಟ್ಟಿಲ್ಲ."

"ದುಡ್ಡು ಕೊಟ್ರೆ ಮಾರ್ತೀರಾ?"

"ಮಾರೋ ಹಂಗಿಲ್ಲ. ಲೆಕ್ಕ ಕೇಳ್ತಾರೆ." ಆಮೇಲೆ ಧ್ವನಿ ತಗ್ಗಿಸಿದ. "ನಿಮಗೆ ಅಷ್ಟು ಬೇಕೇ ಬೇಕು ಅಂದ್ರೆ, ನಾನು ಆ ಕಡೆ ತಿರುಗಿರ್ತೀನಿ. ಒಂದು ಎತ್ಕೊಂಡ್ಹೋಗಿ."

"ನೀವು ಆ ಕಡೆ ತಿರುಗಿದ್ರೆ ನಮ್ಮಪ್ಪ ಈ ಕಡೆ ನೋಡ್ತಾರೆ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ನಗುತ್ತಾ ಕ್ರೇಟನ್ನು ಉಳಿದವುಗಳ ಮೇಲೆ ಎಸೆದ.

ಅಲ್ಲಿಂದ ಮುಂದೆ ನನಗೆ ಕ್ರೇಟುಗಳೇ ಕಣ್ಣಿಗೆ ಬೀಳತೊಡಗಿದವು. ಅದುವರೆಗೂ ಇದ್ದವೇ, ನಾನು ನೋಡಿರಲಿಲ್ಲ ಅಷ್ಟೆ. ಹೂವಿನವಳ ಬುಟ್ಟಿಯ ಕೆಳಗೆ, ಪಂಕ್ಚರ್ ಅಂಗಡಿಯಲ್ಲಿ ಕೂರಲು, ಬೈಕಿನ ಹಿಂದೆ ಕಟ್ಟಲು, ಆಂಜನೇಯನ ಗುಡಿಯ ಹೊರಗೆ ಚಪ್ಪಲಿ ಇಡಲು. ಎಲ್ಲವೂ ಡೈರಿಯವು.

ಹೊಸಕೋಟೆಯ ಸಂತೆಬೀದಿಯಲ್ಲಿ ಹಣ್ಣಿನ ಕ್ರೇಟುಗಳನ್ನು ಮಾರುತ್ತಿದ್ದರು. ಬೆಲೆ ಕಡಿಮೆ, ಬಣ್ಣ ಚೆಂದ. "ನೂರು ಕೆ.ಜಿ. ತಡೀತದೆ ಅಕ್ಕಾ, ಮೇಲೆ ಹತ್ತಿ ಕುಣೀರಿ" ಎಂದ ಅಂಗಡಿಯವನು. ಎರಡು ತಂದೆ. ಕುಣಿಯುವುದಿರಲಿ, ಒಂದರ ಮೇಲೊಂದಿಟ್ಟು ರಾಗಿ ಹಿಟ್ಟಿನ ಡಬ್ಬ ಏರಿಸಿದ ವಾರಕ್ಕೇ ಕೆಳಗಿನದರ ಮೂಲೆ ಸೀಳಿತು. ನಾನು ಯಂತ್ರ ತುಳಿಯುತ್ತಿದ್ದೆ. ಹಿಂದಿನಿಂದ ಟಪ್ಪೆಂದು ಸದ್ದಾಗಿ ತಿರುಗುವಷ್ಟರಲ್ಲಿ ಡಬ್ಬ ಉರುಳಿ, ರಾಗಿ ಹಿಟ್ಟೆಲ್ಲ ಮುಗಿಸಿಟ್ಟಿದ್ದ ಯೂನಿಫಾರ್ಮುಗಳ ಮೇಲೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. "ಬಿಸಿಲಲ್ಲಿ ಒಣಗಿದ ಪ್ಲಾಸ್ಟಿಕ್ಕು, ಹಂಗೇ ಸೀಳ್ತದೆ" ಅಂದು, ಕೋಲು ಬದಿಗಿಟ್ಟು ನನ್ನ ಹೊಲಿಗೆಯ ಕುರ್ಚಿಯಲ್ಲಿ ಕೂತು ಒಂದೊಂದೇ ಬಟ್ಟೆ ಕೊಡವಿಕೊಟ್ಟರು. ಇಬ್ಬರೂ ಹಿಟ್ಟಿನಲ್ಲಿ ಬೂದು ಬೂದಾದೆವು. ನಾನು ಅಳುವ ಹಾಗಾಗಿದ್ದೆ. ಅವರ ಮೀಸೆಯನ್ನು ನೋಡಿ ನಗು ಬಂತು.

ಆಮೇಲೆ ಗುಜರಿ ಅಂಗಡಿ. ಹಳೇ ಮದ್ರಾಸ್ ರಸ್ತೆಯ ಬದಿಯಲ್ಲಿ, ಮುರಿದ ಕೂಲರುಗಳ ಹಿಂದೆ, ಗಟ್ಟಿ ಕ್ರೇಟುಗಳ ಒಂದು ಸಾಲೇ ಇತ್ತು. ಹತ್ತಿರ ಹೋಗಿ ಒಂದನ್ನು ತಿರುಗಿಸಿದೆ. ಮುದ್ರೆ ಇರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ಕು ಕರಗಿ ಕಪ್ಪಾಗಿತ್ತು. ಯಾರೋ ಕಾದ ಕಬ್ಬಿಣ ಒತ್ತಿ ಹೆಸರು ಅಳಿಸಿದ್ದರು. ಎಲ್ಲದರ ಮೇಲೂ ಅದೇ ಗಾಯ.

"ಬಿಲ್ ಕೊಡ್ತೀರಾ?" ಎಂದು ಕೇಳಿದೆ.

ಗುಜರಿಯವನು ತೂಕದ ಕಲ್ಲು ಕೆಳಗಿಟ್ಟ. "ಗುಜರೀಲಿ ಬಿಲ್ಲಾ? ಏನಮ್ಮಾ, ಇನ್ಕಮ್ ಟ್ಯಾಕ್ಸಿನವರಾ ನೀವು?"

"ಅಲ್ಲ, ಟೈಲರು."

"ಹಂಗಾದ್ರೆ ಬಟ್ಟೆ ಹೊಲೀರಿ, ಬಿಲ್ ಯಾಕೆ" ಎಂದು ಮತ್ತೆ ತೂಕಕ್ಕೆ ಕೂತ.

ಕೈ ಕಪ್ಪಾಗಿತ್ತು. ಸೀರೆಗೆ ಒರೆಸಿಕೊಳ್ಳದೆ ಬಸ್ ಸ್ಟ್ಯಾಂಡಿನ ನಲ್ಲಿಯವರೆಗೂ ಹಾಗೇ ನಡೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ ಆ ದಿನ ಮನಸ್ಸು ಸ್ವಲ್ಪ ಜಾರಿತ್ತು. ಅಪ್ಪನಿಗೆ ಕಣ್ಣು ಮಂಜು. ಮುದ್ರೆಯೇ ಇಲ್ಲದಿದ್ದರೆ ಅವರಿಗೇನು ಗೊತ್ತಾಗುತ್ತದೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಕೈ ತೊಳೆಯುವಾಗ, ಆ ಕ್ರೇಟುಗಳನ್ನು ಹುಡುಕುತ್ತಾ ಈ ಹೊತ್ತಿಗೂ ಯಾವನೋ ಒಬ್ಬ ಬೀದಿ ಬೀದಿ ತಿರುಗುತ್ತಿರುತ್ತಾನೆ ಅನ್ನಿಸಿ, ಆ ಯೋಚನೆ ಅಲ್ಲೇ ನೀರಿನ ಜೊತೆ ಹೋಯಿತು.

ಹಾಲು ಶೇಖರಿಸುವ ಕೇಂದ್ರವೊಂದಕ್ಕೂ ಹೋದೆ. ಅಲ್ಲಿನವರು ಬೈಯಲಿಲ್ಲ, ಕೂರಿಸಿ ಮಜ್ಜಿಗೆ ಕೊಟ್ಟರು. ಹಳೆಯ ಕ್ರೇಟುಗಳನ್ನು ಪುಡಿ ಮಾಡಲು ಒಟ್ಟಿಗೆ ಕೊಟ್ಟುಬಿಡುತ್ತೇವೆ, ಒಂದೊಂದಾಗಿ ಯಾರಿಗೂ ಕೊಡುವ ಹಾಗಿಲ್ಲ ಎಂದರು. "ಹೊಸವು ಎಲ್ಲಿಂದ ಬರ್ತವೆ?" ಎಂದು ಕೇಳಿದೆ. ಅಲ್ಲಿದ್ದವರೊಬ್ಬರು, "ನಿಮ್ಮ ಪಕ್ಕದಲ್ಲೇ, ಪಿಲ್ಲಗುಂಪೆ ಇಂಡಸ್ಟ್ರಿಯಲ್ ಏರಿಯಾದಲ್ಲೂ ಒಂದು ಫ್ಯಾಕ್ಟರಿ ಇದೆಯಲ್ಲ. ಆದ್ರೆ ಅವ್ರು ಲಾರಿಗಟ್ಲೆ ಕೊಡೋದು, ನಿಮ್ಮಂಥವ್ರಿಗೆ ಗೇಟೂ ತೆಗೆಯಲ್ಲ" ಅಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಗೇಟು ತೆಗೆಯಲಿಲ್ಲ.

ವಾಚ್‌ಮನ್ ಕಿಂಡಿಯಲ್ಲಿ ಮುಖ ಇಟ್ಟು, "ಕೆಲಸಕ್ಕಾ? ಕೆಲಸ ಇಲ್ಲ" ಅಂದ. ಕೆಲಸಕ್ಕಲ್ಲ, ಕ್ರೇಟು ಕೊಳ್ಳಲು ಅಂದೆ. ಯಾವ ಕಂಪನಿ ಎಂದು ಕೇಳಿದ. ಮನೆಗೆ ಅಂದೆ. ಕಿಂಡಿ ಮುಚ್ಚಿದ. ಇನ್ನೊಂದು ದಿನ ಹೋದೆ, ಬೇರೆ ವಾಚ್‌ಮನ್, ಅದೇ ಮಾತು. ಅಲ್ಲಿ ರಸ್ತೆಯ ತುಂಬ ಲಾರಿಗಳ ಧೂಳು, ಕೂರಲು ಒಂದು ಮರವೂ ಇಲ್ಲ. ಬಿಸಿಲಿನಲ್ಲಿ ನಿಂತು ಯೋಚಿಸಿದೆ: ಗೇಟಿನ ಹತ್ತಿರ ಕೇಳಿದರೆ ಗೇಟಿನವನದೇ ಉತ್ತರ ಸಿಗುತ್ತದೆ. ಒಳಗಿನವರನ್ನು ಕೇಳಬೇಕು, ಒಳಗಿನವರು ಹೊರಗೆ ಬರುವ ಹೊತ್ತಿಗೆ ಬರಬೇಕು.

ಮೂರನೆಯ ಸಲ ಶಿಫ್ಟು ಬಿಡುವ ಹೊತ್ತಿಗೆ ಹೋಗಿ ಎದುರಿನ ಟೀ ಗಾಡಿಯ ಹತ್ತಿರ ನಿಂತೆ. ಏಪ್ರನ್ ಕಟ್ಟಿದ ಹೆಂಗಸರು ಗುಂಪುಗುಂಪಾಗಿ ಬಂದರು. ಅವರಲ್ಲೊಬ್ಬಳನ್ನು ಕೇಳಿದೆ. ಅವಳು ನನ್ನ ಹಿಂದೆ ಟೀ ಲೋಟ ಹಿಡಿದು ನಿಂತಿದ್ದ ನಡುವಯಸ್ಸಿನ ಹೆಂಗಸಿನ ಕಡೆ ಕಣ್ಣು ತೋರಿಸಿದಳು. "ನಮ್ಮ ಸೂಪರ್‌ವೈಸರ್ ಮೇಡಮ್ಮು. ಅವ್ರನ್ನೇ ಕೇಳಿ."

ಗೆದ್ದಲಿನಿಂದ ಹಿಡಿದು ಹೇಳಿದೆ. ಅಪ್ಪನ ವ್ಯಾನಿನ ವಿಷಯವನ್ನೂ ಹೇಳಿದೆ. ಅವರು ಟೀ ಮುಗಿಸುವವರೆಗೂ ನಡುವೆ ಬಾಯಿ ಹಾಕಲಿಲ್ಲ.

"ಮನೆಗೆ ಕ್ರೇಟು ಬೇಕು ಅಂತ ಇಲ್ಲಿಗಂಟ ಬಂದ್ರಾ? ಎಲ್ರೂ ಬೂತ್ ಹತ್ರ ಎತ್ಕೊಂಡು ಹೋಗ್ತಾರೆ."

"ಅದಕ್ಕೇ ಬಂದೆ ಮೇಡಂ."

ಅವರು ಲೋಟ ಕೆಳಗಿಟ್ಟರು. "ಡೈರಿ ಮುದ್ರೆ ಇರೋದನ್ನ ನಾನು ಕೊಡಕ್ಕಾಗಲ್ಲ. ಕೊಟ್ರೆ ನನ್ ಕೆಲಸ ಹೋಗ್ತದೆ."

"ಮುದ್ರೆ ಇರೋದು ನನಗೂ ಬೇಡ."

ಆಗ ಅವರು ಏನೋ ನೆನೆಸಿಕೊಂಡವರಂತೆ ಗೇಟಿನ ಕಡೆ ನೋಡಿದರು. ಒಂದು ಡೈರಿಗೆ ನೀಲಿ, ಇನ್ನೊಂದಕ್ಕೆ ಕೆಂಪು, ಮತ್ತೊಂದಕ್ಕೆ ಹಳದಿ ಕ್ರೇಟು ಬೇಕಾಗುತ್ತದಂತೆ. ಯಂತ್ರದಲ್ಲಿ ಬಣ್ಣ ಬದಲಾಯಿಸಿದ ಕೂಡಲೇ ಹೊಸ ಬಣ್ಣ ಚೊಕ್ಕವಾಗಿ ಬರುವುದಿಲ್ಲ. ಹಳೆಯದು ಹೊಸದು ಎರಡೂ ಸುತ್ತಿಕೊಂಡು ಕೆಲವು ಕ್ರೇಟುಗಳು ಬೀಳುತ್ತವೆ. ಆ ಹೊತ್ತಿಗೆ ಹೆಸರಿನ ಅಚ್ಚನ್ನೂ ತೆಗೆದಿರುತ್ತಾರೆ. ಗಟ್ಟಿಗೆ ಏನೂ ಕಡಿಮೆಯಿಲ್ಲ, ಆದರೆ ಯಾವ ಡೈರಿಯೂ ಅವನ್ನು ತೆಗೆದುಕೊಳ್ಳುವುದಿಲ್ಲ. ಮತ್ತೆ ಪುಡಿ ಮಾಡಿ ಯಂತ್ರಕ್ಕೇ ಹಾಕುತ್ತಾರೆ.

"ಅವು ನೋಡಕ್ಕೆ ಚೆನ್ನಾಗಿರಲ್ಲ" ಅಂದರು.

"ನಾನೇನು ಅವನ್ನ ಉಟ್ಕೋತೀನಾ?"

ಅವರು ಮೊದಲ ಸಲ ನಕ್ಕರು. "ಮಾಲೀಕರನ್ನ ಕೇಳ್ತೀನಿ. ಆಗ್ತದೆ ಅಂತ ಮಾತು ಕೊಡಲ್ಲ. ಮುಂದಿನ ವಾರ ಇದೇ ಹೊತ್ತಿಗೆ ಬನ್ನಿ."

ಮುಂದಿನ ವಾರ ಮಾಲೀಕರು ಒಪ್ಪಿರಲಿಲ್ಲ. ಹೊರಗೆ ಬಿಡಿಯಾಗಿ ಕ್ರೇಟು ಹೋಯಿತೆಂದು ತಿಳಿದರೆ, ತಮ್ಮ ಮಾಲೇ ಸೋರುತ್ತಿದೆ ಎಂದು ಡೈರಿಗಳು ಅನುಮಾನ ಪಡುತ್ತವೆ ಎನ್ನುವುದು ಅವರ ಹೆದರಿಕೆ. ಅದು ನ್ಯಾಯವಾದ ಹೆದರಿಕೆಯೇ. ನಾನು ಸೂಪರ್‌ವೈಸರ್ ಮೇಡಮ್ಮಿಗೆ, ನನ್ನನ್ನೇ ಒಂದು ಸಲ ಅವರ ಮುಂದೆ ನಿಲ್ಲಿಸಿ ಎಂದು ಕೇಳಿಕೊಂಡೆ. ಅವರು ಕರೆದುಕೊಂಡು ಹೋದರು. ಕೊನೆಗೂ ಆ ಗೇಟು ತೆರೆಯಿತು. ಒಳಗೆಲ್ಲ ಕಾದ ಪ್ಲಾಸ್ಟಿಕ್ಕಿನ ವಾಸನೆ, ಯಂತ್ರ ಬಾಯಿ ತೆರೆದಾಗಲೆಲ್ಲ ಒಂದು ಕ್ರೇಟು ಹೊರಗೆ ಬೀಳುವ ಸದ್ದು.

ಮಾಲೀಕರು ವಯಸ್ಸಾದವರು. ಫೋನಿನಲ್ಲಿ ಮಾತಾಡುತ್ತಲೇ ಕೈಸನ್ನೆಯಲ್ಲಿ ಕೂರಲು ಹೇಳಿದರು. ನಾನು ಕೂರಲಿಲ್ಲ. ಫೋನು ಇಟ್ಟ ಮೇಲೆ, "ಸಾರ್, ಬಿಲ್ಲಲ್ಲೇ ಬರೀರಿ. ಮುದ್ರೆ ಇಲ್ಲ, ಬಣ್ಣ ಮಿಶ್ರ, ಮನೆ ಬಳಕೆಗೆ ಅಂತ. ಯಾರು ಕೇಳಿದ್ರೂ ನಾನು ಅದನ್ನೇ ತೋರಿಸ್ತೀನಿ. ನಿಮಗೂ ಒಳ್ಳೇದು, ನನಗೂ ಒಳ್ಳೇದು" ಅಂದೆ.

"ಬೇರೆಯವ್ರು ಯಾರೂ ಬಿಲ್ ಬೇಡ, ಕಮ್ಮಿ ಮಾಡಿ ಅಂತಾರೆ" ಎಂದರು ಅವರು.

"ನನಗೆ ಬಿಲ್ಲೇ ಬೇಕು."

ಅವರು ನನ್ನನ್ನೂ, ಮೇಡಮ್ಮನ್ನೂ ಒಮ್ಮೆ ನೋಡಿ, "ಸರಿ, ಕೊಡಮ್ಮಾ. ಚೆನ್ನಾಗಿರೋದು ನೋಡಿ ಕೊಡು" ಅಂದರು.

ಗೋದಾಮಿನ ಮೂಲೆಯಲ್ಲಿ ಅವು ಪುಡಿಯಾಗಲು ಕಾಯುತ್ತಿದ್ದವು. ನೀಲಿಯಲ್ಲಿ ಕೆಂಪು ಹೊಗೆಯಂತೆ ಹರಡಿದ್ದು ಕೆಲವು. ಹಳದಿಯ ಮೇಲೆ ನೀಲಿ ಗೆರೆ ಸುರುಳಿ ಸುತ್ತಿದ್ದು ಕೆಲವು. ಒಂದರಂತೆ ಇನ್ನೊಂದಿಲ್ಲ. ಚೆನ್ನಾಗಿರುವುದಿಲ್ಲ ಎಂದು ಆಕೆ ಯಾಕೆ ಹೇಳಿದರೋ! ಎಷ್ಟೋ ಬಟ್ಟೆ ಕತ್ತರಿಸಿದ್ದೇನೆ, ಅಂಥ ಬಣ್ಣ ಯಾವ ಅಂಗಡಿಯಲ್ಲೂ ನೋಡಿರಲಿಲ್ಲ. ಒಂದು ಡಜನ್ ಆರಿಸಿಕೊಂಡೆ. ಪ್ರತಿಯೊಂದನ್ನೂ ಬೋರಲು ಹಾಕಿ ಮೇಲೆ ಹತ್ತಿ ನಿಂತೆ. ಸುತ್ತ ಇದ್ದ ಕೆಲಸದ ಹೆಂಗಸರು ನಕ್ಕರೂ ಬಿಡಲಿಲ್ಲ.

ಬಸ್ಸಿನ ಟಾಪಿಗೆ ಏರಿಸಲು ಕಂಡಕ್ಟರು ತಕರಾರು ತೆಗೆದ.

"ಹಾಲಿನ ಕ್ರೇಟು ತಾನೆ? ಎಲ್ಲಿ ಹೊಡೆದ್ರಿ ಇಷ್ಟೊಂದು?"

ಬಸ್ಸಿನ ತುಂಬ ಜನ. ಎಲ್ಲರೂ ನನ್ನ ಕಡೆ ತಿರುಗಿದರು. ಬೇರೆ ದಿನವಾಗಿದ್ದರೆ ಮುಖ ತಗ್ಗಿಸುತ್ತಿದ್ದೆನೇನೋ. ಆ ದಿನ ಪರ್ಸಿನಿಂದ ಬಿಲ್ಲು ತೆಗೆದು ಬಿಡಿಸಿ ಅವನ ಕಣ್ಣ ಮುಂದೆ ಹಿಡಿದೆ. "ಕೊಂಡ್ಕೊಂಡಿದ್ದು. ಓದ್ಕೊಳ್ಳಿ." ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಅವನು ಓದಿದ. "ಕ್ರೇಟಿಗೂ ಬಿಲ್ ಮಾಡಿಸ್ಕೊಂಡ್ ಬರೋರು ಇದಾರಾ ಗುರು" ಎಂದು ಡ್ರೈವರಿಗೆ ಕೂಗಿ ಹೇಳಿ, ತಾನೇ ಮೇಲೆ ಹತ್ತಿ ಹಗ್ಗ ಬಿಗಿದ. ಕಿಟಕಿಯ ಪಕ್ಕ ಕೂತು ಸೂಲಿಬೆಲೆ ಬರುವವರೆಗೂ ನಾನು ಮೇಲೆ ಅವು ಕಟಕಟಿಸುವುದನ್ನೇ ಕೇಳುತ್ತಿದ್ದೆ. ವಿಮಾನವೊಂದು ತೀರಾ ಕೆಳಗೆ ಇಳಿದು ದೇವನಹಳ್ಳಿಯ ಕಡೆ ಹೋಯಿತು. ಬಸ್ಸಿನಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ. ಅಷ್ಟರಲ್ಲಿ ನಮಗೆಲ್ಲ ವಿಮಾನ ಅಭ್ಯಾಸವಾಗಿಹೋಗಿತ್ತು.

ಅಪ್ಪ ಬಾಗಿಲಲ್ಲೇ ಇದ್ದರು. ಬಸ್ ಸ್ಟ್ಯಾಂಡಿನಿಂದ ಕರೆತಂದ ಆಟೋದವನು ಕ್ರೇಟುಗಳನ್ನು ಇಳಿಸುವುದನ್ನು ನೋಡುತ್ತಾ ನಿಂತರು. ಅವರು ಒಂದನ್ನು ಎತ್ತಿಕೊಂಡು ಜಗಲಿಯ ಬೆಳಕಿಗೆ ಹೋದರು. ನಾಲ್ಕೂ ಮಗ್ಗುಲು ತಿರುಗಿಸಿ, ಹೆಸರಿರಬೇಕಾದ ಜಾಗದಲ್ಲಿ ಹೆಬ್ಬೆರಳಾಡಿಸಿದರು. ನುಣ್ಣಗಿತ್ತು.

"ಅಳಿಸಿದ್ದಲ್ವಲ್ಲ ಇದು?"

"ಅಲ್ಲಪ್ಪಾ. ಬರ್ದೇ ಇಲ್ಲ."

"ಯಾರ ಹೆಸ್ರೂ ಇಲ್ವಾ?"

"ಇಲ್ಲ. ನಮ್ದು."

ಬಿಲ್ಲು ಕೊಡಲು ಹೋದೆ. ಅವರು ನೋಡಲಿಲ್ಲ. ಕ್ರೇಟನ್ನು ಜಗಲಿಯ ಮೇಲೆ ಬೋರಲು ಹಾಕಿ, ಕೋಲು ಊರಿ, ನಿಧಾನವಾಗಿ ಅದರ ಮೇಲೆ ಕೂತರು. ವ್ಯಾನಿನಲ್ಲಿ ಅಷ್ಟು ವರ್ಷ ಕ್ರೇಟು ಹೊತ್ತವರು ಒಂದು ದಿನವೂ ಅದರ ಮೇಲೆ ಕೂತದ್ದನ್ನು ನಾನು ಕಂಡಿರಲಿಲ್ಲ. ಮಂಡಿ ನೀವಿಕೊಳ್ಳುತ್ತಾ ಬೀದಿಯ ಕಡೆ ನೋಡಿದರು. "ಗಟ್ಟಿ ಐತೆ" ಅಂದರು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಅದರ ಮರುದಿನದಿಂದ ಕೋಣೆಯ ಜವಾಬ್ದಾರಿಯೆಲ್ಲ ಅವರೇ ವಹಿಸಿಕೊಂಡರು. ನಾನು ಗೋಡೆಯುದ್ದಕ್ಕೂ ಪೇರಿಸಿದ್ದನ್ನು ಕಿತ್ತು, ತಮಗೆ ಬೇಕಾದಂತೆ ಇಟ್ಟರು. ನೀರಿನ ಚೊಂಬು ಸೊಂಟದ ಎತ್ತರಕ್ಕೆ ಬಂತು. ಟೀ ಪುಡಿ, ಸಕ್ಕರೆ, ಅವರ ಮಾತ್ರೆ, ಎಲ್ಲ ಬಗ್ಗದೆ ಕೈಗೆಟಕುವ ಹಾಗಾಯಿತು. ಬೆಳಿಗ್ಗೆ ನಾನು ಏಳುವ ಮೊದಲೇ ಟೀ ಮಾಡಿಟ್ಟಿರುತ್ತಿದ್ದರು. ಕೆಲಸ ಬಿಟ್ಟ ಮೇಲೆ ಟೀ ಅಂಗಡಿ, ಅರಳಿಕಟ್ಟೆ, ಮನೆ ಎಂದು ಹೊತ್ತು ಕಳೆಯುತ್ತಿದ್ದವರು ಈಗ ನನ್ನ ಯಂತ್ರದ ಪಕ್ಕ ಕೂತು, ಹೊಲಿದು ಮುಗಿದದ್ದನ್ನು ಮಡಚಿ, ಅಳತೆಯ ಪ್ರಕಾರ ಬೇರೆ ಬೇರೆ ಕ್ರೇಟಿನಲ್ಲಿ ಇಡತೊಡಗಿದರು. "ನಾಳೆ ಯಾವ್ದು ಹೋಗ್ಬೇಕು ಹೇಳು, ಅದು ಮೇಲಿರ್ಲಿ" ಎನ್ನುತ್ತಿದ್ದರು. ನಾನು ಹೆಚ್ಚು ಆರ್ಡರು ಒಪ್ಪಿಕೊಳ್ಳುವ ಧೈರ್ಯ ಮಾಡಿದ್ದು ಆಗಲೇ.

ಬೀದಿಯ ಹೆಂಗಸರು ನೋಡಲು ಬಂದರು. ಕೆಲವರು ಬಣ್ಣಕ್ಕೆ ಮರುಳಾದರು. ಒಬ್ಬರ ಗಂಡ, "ಬಿಟ್ಟಿ ಸಿಗೋದಕ್ಕೆ ದುಡ್ಡು ಕೊಡೋರುಂಟೇನಮ್ಮಾ?" ಎಂದು ಹಾಸ್ಯ ಮಾಡಿದ. ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಕ್ರೇಟಿನಲ್ಲಿಟ್ಟರು. ಆದರೆ ಅವನ ಹೆಂಡತಿ ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ನನಗೂ ಹೇಳಿರೇ, ಮತ್ತೆ ಬಂದಾಗ" ಅಂದಳು. ಮುಂದೆ ಪಿಲ್ಲಗುಂಪೆಯಲ್ಲಿ ಬಣ್ಣ ಬದಲಾದಾಗಲೆಲ್ಲ ಸೂಪರ್‌ವೈಸರ್ ಮೇಡಮ್ಮು ಫೋನ್ ಮಾಡುತ್ತಿದ್ದರು. ನಾವು ಮೂರ್ನಾಲ್ಕು ಮನೆಯವರು ಸೇರಿ ಗೂಡ್ಸ್ ಆಟೋ ಹಿಡಿದು ಹೋಗುತ್ತಿದ್ದೆವು. ಮೇಡಮ್ಮಿನ ಮಗಳ ಮದುವೆಗೆ ರವಿಕೆಗಳನ್ನು ಹೊಲಿದದ್ದು ನಾನೇ.

ಕೆಲವು ವರ್ಷಗಳಾದ ಮೇಲೆ ಸೂಲಿಬೆಲೆಯ ಓನರಮ್ಮನೂ ಮನೆ ಮಾರಿದರು. ರಸ್ತೆ ಅಗಲವಾಗುತ್ತದೆ ಎಂಬ ಸುದ್ದಿಗೇ ಅಲ್ಲಿಯ ಜಾಗಕ್ಕೆ ಬೆಲೆ ಬಂದಿತ್ತು. ಈ ಸಲ ನಾವು ಹೊಸಕೋಟೆಗೆ ಹೊರಟೆವು. ಯಾವುದನ್ನೂ ಮೂಟೆ ಕಟ್ಟಲಿಲ್ಲ, ಯಾವುದನ್ನೂ ಬಿಟ್ಟು ಬರಲಿಲ್ಲ. ಕ್ರೇಟುಗಳು ತುಂಬಿದ್ದ ಹಾಗೇ ಆಟೋ ಏರಿದವು. ಅಪ್ಪ ಡ್ರೈವರಿನ ಪಕ್ಕ ಕೂತು, ಹಿಂದೆ ತಿರುಗಿ ತಿರುಗಿ ನೋಡುತ್ತಾ, "ನಿಧಾನಕ್ಕೆ ತಗೊಳ್ಳಪ್ಪಾ, ಹಂಪ್ ಐತೆ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಹೊಸ ಮನೆಯಲ್ಲಿ ಗೂಡೂ ಇತ್ತು, ಅಟ್ಟವೂ ಇತ್ತು. ಅಪ್ಪ ಎರಡನ್ನೂ ನೋಡಿ, "ಇರ್ಲಿ" ಅಂದು, ಕಿಟಕಿಯ ಪಕ್ಕ ಕ್ರೇಟು ಪೇರಿಸಲು ಶುರುಮಾಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಯಂತ್ರ ನಡೆಯುತ್ತಿತ್ತು.